ಗಂಗಾಬಾಯಿ ಕಟ್ಟಿದ ಮೂವತ್ತು ಉಂಡಿ

ಸರಸಂಬಾದ ಸರಕಾರಿ ಶಾಲೆಯಲ್ಲಿ ನಾನು ಇಪ್ಪತ್ತೆರಡು ವರ್ಷ ಒಂದನೆಯ ತರಗತಿಯ ಮಕ್ಕಳಿಗೆ ಪಾಠ ಹೇಳಿದೆ. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಹೊಸ ಮಕ್ಕಳು ಬಂದು ಸಾಲಾಗಿ ಕುಳಿತ ದಿನ ಗಂಗಾಬಾಯಿ ಒಂದು ಸುತ್ತು ಬಂದೇ ಬರುತ್ತಿದ್ದಳು. ಶಾಲೆಯಲ್ಲಿ ಅವಳಿಗೆ ಯಾವ ಕೆಲಸವೂ ಇರಲಿಲ್ಲ. ಬಾಗಿಲಲ್ಲಿ ನಿಂತು ಮಕ್ಕಳ ತಲೆಗಳನ್ನು ನೋಡುತ್ತಿದ್ದಳು, ಅಷ್ಟೆ.

"ಆ ತಲಿ ನಂದ್ರಿ ಅಕ್ಕೋರ. ಅದರ ಬಾಜೂಕಿಂದೂ ನಂದು. ಅಲ್ಲಿ ಮೂಲ್ಯಾಗ ಕುಂತದಲ್ಲ, ಹಿಂದ ಚಪ್ಪಟಿ ಆಗ್ಯಾದ ನೋಡ್ರಿ, ಅದು ನಂದಲ್ಲ. ಅದಕ್ಕ ಅವರಜ್ಜಿ ಎರದಾಳ."

ಊರಿನ ಬಾಣಂತಿಯರಿಗೂ ಕೂಸುಗಳಿಗೂ ಎಣ್ಣೆ ತಿಕ್ಕಿ ಬಿಸಿನೀರು ಎರೆಯುವುದು ಗಂಗಾಬಾಯಿಯ ಕೆಲಸ. ಅವಳ ಅತ್ತೆ ಮಾಡುತ್ತಿದ್ದ ಕೆಲಸ ಅದು. ಅತ್ತೆಯ ಕೈ ಸೋತ ಮೇಲೆ ಸೊಸೆಗೆ ಬಂತು. ಬಚ್ಚಲ ಕಲ್ಲಿನ ಮೇಲೆ ಎರಡೂ ಕಾಲು ಚಾಚಿ ಕುಳಿತು, ಕಾಲುಗಳ ನಡುವಿನ ತಗ್ಗಿನಲ್ಲಿ ಕೂಸನ್ನು ಬೋರಲು ಮಲಗಿಸಿ, ಬೆಚ್ಚಗೆ ಮಾಡಿದ ಕುಸುಬಿ ಎಣ್ಣೆಯನ್ನು ಬೆನ್ನಿಗೆ ಹಚ್ಚುವಳು. ಆಮೇಲೆ ಅಂಗಾತ ತಿರುಗಿಸಿ ತಲೆಯನ್ನು ಅಂಗೈಗಳ ನಡುವೆ ಹಿಡಿದು, ಕುಂಬಾರ ಗಡಿಗೆಯನ್ನು ತಿದ್ದುವ ಹಾಗೆ ತಿದ್ದುವಳು. ಹಂಡೆಯಿಂದ ತಂಬಿಗೆ ತಂಬಿಗೆ ನೀರು ತೋಡಿ ಸುರಿಯುವಳು. ಅಳುತ್ತಿದ್ದ ಕೂಸು ಲೋಬಾನದ ಹೊಗೆ ಮುಟ್ಟುವ ಹೊತ್ತಿಗೆ ನಿದ್ದೆ ಹೋಗಿರುತ್ತಿತ್ತು.

ನನ್ನ ತವರು ಜೇವರ್ಗಿ. ನನ್ನ ಹಿರಿಯ ಮಗಳು ಹುಟ್ಟಿದ ವರ್ಷ ಅಲ್ಲಿ ನಮ್ಮ ತಾಯಿ ಇರಲಿಲ್ಲ. ಹೋಗಿ ಮಾಡುವುದೇನು ಎಂದು ಸರಸಂಬಾದ ಬಾಡಿಗೆ ಮನೆಯಲ್ಲಿಯೇ ಬಾಣಂತನ ಮಾಡಿಕೊಂಡೆ. ನಲವತ್ತು ದಿನ ಗಂಗಾಬಾಯಿ ತಪ್ಪದೆ ಬಂದಳು. ಅವಳು ಬೆನ್ನು ತಿಕ್ಕಲು ಕುಳಿತರೆ ಕಣ್ಣಲ್ಲಿ ನೀರು ಬರುತ್ತಿತ್ತು. ಆ ಕೈ ಅಷ್ಟು ಗಟ್ಟಿ. ನೀರು ಹಾಕಿದ ಮೇಲೆ ಕೌದಿ ಹೊದಿಸಿ, ಹೊರಸಿನ ಕೆಳಗೆ ಕುಳ್ಳಿನ ಕೆಂಡ ಇಟ್ಟು, ಬಾಗಿಲು ಮುಂದೆ ಮಾಡಿ ಹೋಗುವಳು. ಆ ಕತ್ತಲೆಯ ಬೆಚ್ಚಗಿನ ನಿದ್ದೆ ನನಗೆ ಮುಂದೆ ಎಂದೂ ಸಿಗಲಿಲ್ಲ.

ಊರಿನ ಮಕ್ಕಳಿಗೆಲ್ಲ ಎರೆದವಳಿಗೆ ಹನ್ನೆರಡು ವರ್ಷ ತನ್ನದೆನ್ನುವ ಮಗು ಇರಲಿಲ್ಲ. ಆಮೇಲೆ ಶೈಲಶ್ರೀ ಹುಟ್ಟಿದಳು, ಒಬ್ಬಳೇ. ಆಗ ಗಂಗಾಬಾಯಿಯ ಅತ್ತೆ ತೀರಿಹೋಗಿದ್ದಳು. ಎರೆಯಲು ಪಕ್ಕದ ಮನೆಯ ಅಜೀಜಾಬಿ ಬಂದಳು. ಇವರಿಬ್ಬರೂ ಒಂದೇ ವರ್ಷ ಸೊಸೆಯರಾಗಿ ಊರಿಗೆ ಬಂದವರು, ಒಂದೇ ಗೋಡೆಯ ಆಚೆ ಈಚೆ ಬಾಳಿದವರು. ಹೀಗಾಗಿ ಗಂಗಾಬಾಯಿಗೆ ತನ್ನ ಸ್ವಂತ ಕೂಸನ್ನು ತಾನೇ ಕಾಲ ಮೇಲೆ ಹಾಕಿಕೊಂಡು ಎರೆಯುವುದು ಕೂಡಿ ಬರಲಿಲ್ಲ.

ನಾನು ವರ್ಗವಾಗಿ ಆಳಂದಕ್ಕೆ ಬಂದೆ, ಅಲ್ಲಿಯೇ ನಿವೃತ್ತಳಾದೆ. ಸರಸಂಬಾಕ್ಕೆ ಹೋದಾಗಲೆಲ್ಲ ಅವಳ ಮನೆಗೆ ಹೋಗುವುದು ಬಿಡಲಿಲ್ಲ. ಏಳೆಂಟು ವರ್ಷಗಳ ಹಿಂದೆ ಒಮ್ಮೆ ಹೋದಾಗ ಅವಳು ಹೊರಸಿನ ಮೇಲೆ ಮಲಗಿದ್ದಳು. ಮಧ್ಯಾಹ್ನದಲ್ಲಿ ಮಲಗಿದ ಗಂಗಾಬಾಯಿಯನ್ನು ನಾನು ಅಂದೇ ಮೊದಲು ನೋಡಿದ್ದು.

"ಮೈಯೆಲ್ಲಾ ಬಡಿಗಿ ತಗೊಂಡ ಬಡದಂಗ ಆಗ್ತದ್ರಿ. ಇವತ್ತ ಹೆಗಲ ಅಂತದ, ನಾಳಿ ತೊಡಿ ಅಂತದ. ರಾತ್ರಿಯೆಲ್ಲಾ ಮಲಗಿದ್ರೂ ಮುಂಜಾನಿ ಏಳೂ ಹೊತ್ತಿಗೆ ಹೊಲ ಹೊಡದ ಬಂದಂಗ ದಣಿವು. ಸೀರಿ ಸೆರಗ ತಾಗಿದ್ರ ಸೈತ ಒಮ್ಮೊಮ್ಮಿ ಬ್ಯಾನಿ."

ಕೈ ಕಾಲು ಊದಿರಲಿಲ್ಲ, ಕೆಂಪಾಗಿರಲಿಲ್ಲ. ಆಳಂದದಲ್ಲಿ ತೆಗೆಸಿದ ಎಕ್ಸ್‌ರೇ ಚಿತ್ರಗಳಲ್ಲಿ ಎಲುಬುಗಳು ಸರಿಯಾಗಿಯೇ ಇದ್ದವು. ಕಣ್ಣಿಗೆ ಕಾಣದ ರೋಗಕ್ಕೆ ಊರಿನಲ್ಲಿ ಮರ್ಯಾದೆ ಇಲ್ಲ. "ಕೆಲಸಕ್ಕ ಬ್ಯಾಸತ್ತಾಳ" ಎಂದರು ಕೆಲವರು. ಎರೆಯುವ ಕೆಲಸ ಮೆಲ್ಲಗೆ ನಿಂತಿತು. ಮದ್ದು ಮಾತ್ರ ನಿಲ್ಲಲಿಲ್ಲ. ಹುಣಸೆ ಸೊಪ್ಪು ಕುದಿಸಿದ ನೀರಿನಲ್ಲಿ ಜಳಕ ಮಾಡಿದಳು. ಎಕ್ಕೆಯ ಎಲೆಗೆ ಎಣ್ಣೆ ಸವರಿ ಬಿಸಿ ಮಾಡಿ ಕಟ್ಟಿಕೊಂಡಳು. ಉಪ್ಪಿನ ಗಂಟಿನಿಂದ ಶಾಖ ಕೊಟ್ಟುಕೊಂಡಳು. ಬಂದವರೆಲ್ಲ ಒಂದೊಂದು ಹೇಳಿದರು, ಅವಳು ಎಲ್ಲವನ್ನೂ ಮಾಡಿದಳು. ಕೊನೆಗೆ ಜೇವರ್ಗಿ ಕಡೆಯ ಒಂದು ಹಳ್ಳಿಯಲ್ಲಿ ನರ ಹಿಡಿಯುವವನೊಬ್ಬ ಇದ್ದಾನೆಂದು ಕೇಳಿ ಅಲ್ಲಿಗೂ ಹೋದಳು. ಅವನು ಹಿಮ್ಮಡಿಯಿಂದ ಬೆನ್ನು ತುಳಿದ. ಎಂಟು ದಿನ ಅವಳು ಹೊರಸಿನಿಂದ ಏಳಲಿಲ್ಲ. ಆಮೇಲೆ ಯಾರ ಮಾತನ್ನೂ ಕೇಳದೆ, ಯಾವ ದವಾಖಾನೆಗೂ ಹೋಗದೆ, ಇದು ತನ್ನ ಪಾಲಿನದು ಎಂದು ಸುಮ್ಮನಾದಳು.

ಹೋದ ವರ್ಷ ದಸರೆ ಮುಗಿದ ಮೇಲೆ ಒಂದು ಮುಂಜಾನೆ ಅವಳ ಫೋನ್ ಬಂತು.

"ಅಕ್ಕೋರ, ಶೈಲೂ ಬಸರದಾಳ, ಆರರಾಗ ಬಿದ್ದಾವ. ಮುಂದಿನ ತಿಂಗಳ ಕುಬಸ ಮಾಡಿ ಕರಕೊಂಡ ಬರ್ತೇನಿ. ನನ್ನ ಕೈ ತಯಾರ ಮಾಡಿ ಕೊಡ್ರಿ."

"ಕೈ ತಯಾರು ಮಾಡಾಕ ನಾ ಡಾಕ್ಟರ ಏನ ಬೇ?"

"ನೀವ ಓದಿದವರು. ಎಲ್ಲಿ ಕರಕೊಂಡ ಹೋಗ್ತೀರಿ ಹೋಗ್ರಿ, ಬರ್ತೇನಿ. ಮಗಳ ಕೂಸಿಗೆ ನಾನ ನೀರ ಹಾಕಬೇಕು. ಅದೊಂದ ಆಗಲಿ, ಆಮ್ಯಾಲ ಏನರ ಆಗಲಿ."

ಅವಳನ್ನು ಸೊಲ್ಲಾಪುರಕ್ಕೆ ಕರೆದುಕೊಂಡು ಹೋದೆ. ಬಸ್ಸು ಖಜೂರಿ ದಾಟುವವರೆಗೆ ಲಾರಿಗಳ ಸಾಲಿನ ಹಿಂದೆ ತೆವಳಿತು. ಪ್ರತಿ ಕುಲುಕಿಗೂ ಅವಳು ಮುಂದಿನ ಸೀಟಿನ ಕಂಬಿ ಹಿಡಿದು ಕಣ್ಣು ಮುಚ್ಚುತ್ತಿದ್ದಳು. ಅಲ್ಲಿಯ ಡಾಕ್ಟರಮ್ಮ ಅರ್ಧ ಗಂಟೆ ಮಾತನಾಡಿಸಿದರು, ಮೆಲ್ಲಗೆ ಮುಟ್ಟಿ ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು. ಆಮೇಲೆ ರೋಗಕ್ಕೆ ಹೆಸರು ಹೇಳಿದರು: ಫೈಬ್ರೋಮಯಾಲ್ಜಿಯಾ. ಎಲುಬು, ಕೀಲು ಕೆಟ್ಟಿಲ್ಲ. ನೋವನ್ನು ಕೇಳಿಸುವ ನರಗಳೇ ಸದ್ದು ಹೆಚ್ಚು ಮಾಡಿಕೊಂಡಿವೆ, ರೇಡಿಯೋದ ಕಿವಿ ತಿರುವಿದ ಹಾಗೆ. ಅದನ್ನು ಪೂರಾ ಆರಿಸಲು ಬರುವುದಿಲ್ಲ, ತಗ್ಗಿಸಬಹುದು ಎಂದರು.

ಗಂಗಾಬಾಯಿ ಕೇಳಿದ್ದು ಒಂದೇ ಮಾತು. "ಅಂದ್ರ ನಾ ಸುಳ್ಳ ಹೇಳಾಕತ್ತಿಲ್ಲ ಅಂತ ಆತಲ್ರಿ?"

"ನೀವು ಸುಳ್ಳು ಹೇಳುತ್ತಿಲ್ಲ" ಎಂದರು ಡಾಕ್ಟರಮ್ಮ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

ರಕ್ತದಲ್ಲಿ ಡಿ ಮತ್ತು ಬಿ ಹನ್ನೆರಡು ಎಂಬ ಜೀವಸತ್ವಗಳು ತೀರ ಕಡಿಮೆ ಇದ್ದವು. ಅವನ್ನು ತುಂಬಲು ವಾರಕ್ಕೊಮ್ಮೆ ಹಾಲಿನಲ್ಲಿ ಕುಡಿಯುವ ಪುಡಿಯ ಎಂಟು ಪೊಟ್ಟಣ, ದಿನಕ್ಕೊಂದರಂತೆ ಬಿ ಹನ್ನೆರಡು, ಸುಣ್ಣದ ಸತ್ವ ಮತ್ತು ಮೆಗ್ನೀಸಿಯಂ ಗುಳಿಗೆಗಳು ಮೂವತ್ತು ಮೂವತ್ತು, ನಿದ್ದೆ ಕೂಡಲೆಂದು ಮಲಗುವ ಮುಂದೆ ನುಂಗುವ ಸಣ್ಣ ಗುಳಿಗೆ ಮೂವತ್ತು ಬರೆದುಕೊಟ್ಟರು. ಮನೆಮದ್ದಿಗೆ ಅಡ್ಡಿ ಇಲ್ಲ, ಬಿಸಿನೀರು, ಹಗುರ ಕೈಯ ಎಣ್ಣೆ, ದಿನಕ್ಕಷ್ಟು ನಡೆದಾಟ ಒಳ್ಳೆಯದೇ; ಆದರೆ ಹೊಸ ಮದ್ದು ಮಾಡಿದರೆ ಒಂದೊಂದೇ ಮಾಡಿ ನೋಡಿ ಎಂದು ಹೇಳಿ ಕಳಿಸಿದರು. ನಾನು ರಾತ್ರಿ ಕುಳಿತು ದೊಡ್ಡ ಅಕ್ಷರಗಳಲ್ಲಿ, ಶಾಲೆಯ ವೇಳಾಪತ್ರಿಕೆಯ ಹಾಗೆ, ಯಾವ ಗುಳಿಗೆ ಯಾವಾಗ ಎಂದು ಗೆರೆ ಎಳೆದು ಬರೆದು ಅವಳ ಅಡುಗೆಮನೆಯ ಗೋಡೆಗೆ ಅಂಟಿಸಿ ಬಂದೆ.

"ನಾಳೆಯಿಂದ ಶುರು ಮಾಡು" ಎಂದೆ.

"ಅಮಾಸಿ ಹೋಗಲ್ರಿ" ಎಂದಳು.

ಅಮಾವಾಸ್ಯೆ ಹೋಯಿತು. ಶೈಲಶ್ರೀಯ ಸೀಮಂತದ ಕುಬಸವೂ ಮುಗಿದು ಅವಳು ತವರಿಗೆ ಬಂದಳು. ಅವಳನ್ನು ನೋಡಬೇಕೆಂದು ನಾನು ಒಂದು ಶುಕ್ರವಾರ ಸರಸಂಬಾಕ್ಕೆ ಹೋದೆ. ಮನೆಯೊಳಗೆ ತುಪ್ಪದಲ್ಲಿ ಗೋಂದು ಹುರಿದ ವಾಸನೆ. ಬಾಣಂತಿಯರಿಗೆ ಕಟ್ಟುವ ಅಂಟಿನ ಉಂಡಿಯ ವಾಸನೆ ಅದು. ಮೂವತ್ತು ವರ್ಷ ಹಿಂದಕ್ಕೆ ಹೋದ ಹಾಗಾಯಿತು. ನಡುಮನೆಯಲ್ಲಿ ಹಿತ್ತಾಳೆಯ ಅಗಲವಾದ ಪರಾತದ ತುಂಬ ಉಂಡಿಗಳು ಸಾಲಾಗಿದ್ದವು.

"ಬರ್ರಿ ಅಕ್ಕೋರ, ನಿಮ್ಮ ದಾರೀನ ನೋಡಾಕತ್ತಿದ್ನಿ. ಮೊದಲ ಕೈ ತೊಕ್ಕೊಂಡ ಒಂದ ಉಂಡಿ ತಿನ್ರಿ."

ತಿಂದೆ. ಒಣಕೊಬ್ಬರಿ, ಉತ್ತತ್ತಿ, ಬೆಲ್ಲ ಎಲ್ಲ ಇತ್ತು. ಆದರೂ ನಾಲಿಗೆಯ ಕೊನೆಯಲ್ಲಿ ಏನೋ ಕಹಿ, ಹಲ್ಲಿಗೆ ಏನೋ ಸುಣ್ಣದ ಹಾಗೆ ಮೆತ್ತುತ್ತಿತ್ತು.

"ಏನ ಹಾಕೀದಿ ಬೇ ಇದಕ್ಕ, ಕಹಿ ಅದ?"

"ಔಷಧ ಅಂದ ಮ್ಯಾಲ ಕಹಿ ಇರಂಗಿಲ್ಲೇನ್ರಿ?" ಎಂದು ಗಂಗಾಬಾಯಿ ಬೆರಳು ಮಡಚಿದಳು. "ಅಜೀಜಾ ಒಂದು, ಶೈಲೂ ಎರಡು, ಎದುರ ಮನಿ ಸೈದಪ್ಪ ಕಾಕಾ ಮೂರು, ನಮ್ಮ ಮನಿಯವ್ರು ನಾಕು, ನೀವ ಐದು. ಐದ ಮಂದಿ ಆತು. ಇನ್ನ ನಾ ತಿನಬಹುದು." ಒಂದು ಉಂಡಿಯನ್ನು ಬಾಯ ಹತ್ತಿರ ಒಯ್ದಳು.

ಆಗ ನಾನು ಮೂಲೆಯಲ್ಲಿ ಅಜೀಜಾಬಿಯನ್ನು ನೋಡಿದೆ. ಒರಳುಕಲ್ಲಿಗೆ ಒರಗಿ, ಬಾಯಿ ತೆರೆದು, ಗೊರಕೆ ಹೊಡೆಯುತ್ತಿದ್ದಳು.

"ಇಕಿ ಯಾಕ ಹಿಂಗ ಮಲಗ್ಯಾಳ?"

"ಮುಂಜಾನಿಂದ ಕುಟ್ಟ್ಯಾಳ್ರಿ, ದಣದಾಳ."

"ಸೈದಪ್ಪನೂ ಹೊರಗ ಕಟ್ಟಿ ಮ್ಯಾಲ ಮಲಗಿದ್ದ."

"ಅವರೇನ ಕುಟ್ಟಿಲ್ಲ ಬಿಡ್ರಿ" ಎಂದು ಅವಳೂ ಸ್ವಲ್ಪ ಯೋಚನೆಗೆ ಬಿದ್ದಳು.

ನಾನು ಗೋಡೆಯ ಮೇಲಿನ ನನ್ನ ವೇಳಾಪತ್ರಿಕೆಯ ಕಡೆ ನೋಡಿದೆ. ಅದರ ಕೆಳಗೆ ಗುಳಿಗೆಯ ಖಾಲಿ ಬೆಳ್ಳಿ ಹಾಳೆಗಳು ಗುಡ್ಡೆಯಾಗಿ ಬಿದ್ದಿದ್ದವು. ಒಂದರಲ್ಲಿಯೂ ಗುಳಿಗೆ ಇರಲಿಲ್ಲ.

"ಗಂಗಾಬಾಯಿ, ಉಂಡಿ ಕೆಳಗ ಇಡು. ಗುಳಗಿ ಎಲ್ಲಿ?"

"ಉಂಡ್ಯಾಗ."

"ಎಲ್ಲಾ?"

"ಎಲ್ಲಾ. ಲೆಕ್ಕ ಬರಾಬರ ಅದ್ರಿ. ದಿನಕ್ಕೊಂದೊಂದು ಅಂತ ನೀವ ಬರದೀರಿ. ಮೂವತ್ತ ದಿನಕ್ಕ ಮೂವತ್ತ ಉಂಡಿ. ಆ ಎಂಟ ಪುಡೀನೂ ಸುರುವೇನಿ. ಒಂದ ಉಂಡಿ ತಿಂದ್ರ ಒಂದ ದಿನದ್ದ ಹೊಟ್ಟಿಗೆ ಹೋತು."

"ರಾತ್ರಿ ಗುಳಗೀನೂ?"

"ಅದನ್ನ ಒಂದ ಯಾಕ ಹೊರಗ ಇಡ್ಲಿ?"

ನಾನು ಜೀವನವೆಲ್ಲ ಮಕ್ಕಳಿಗೆ ಲೆಕ್ಕ ಕಲಿಸಿದವಳು. ಆ ಲೆಕ್ಕದಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಅವಳಿಗೆ ಔಷಧವೆಂದರೆ ಕುಟ್ಟಿ, ಹುರಿದು, ಬೆಲ್ಲದ ಪಾಕದಲ್ಲಿ ಕಟ್ಟುವ ವಸ್ತು. ಮೇಲಾಗಿ ಅವಳ ಅತ್ತೆ ಹೇಳಿಕೊಟ್ಟ ನಿಯಮವೊಂದಿತ್ತು: ಔಷಧದ ಉಂಡಿಯನ್ನು ಮೊದಲು ಐದು ಮಂದಿಗೆ ಕೊಟ್ಟು ಆಮೇಲೆ ತಾನು ತಿನ್ನಬೇಕು, ಹಂಚದ ಔಷಧ ಮೈಗೆ ಹತ್ತುವುದಿಲ್ಲ. ಅತ್ತೆಯ ಕಾಲದಲ್ಲಿ ಆ ನಿಯಮದಿಂದ ಯಾರಿಗೂ ಕೇಡಾಗಿರಲಿಲ್ಲ. ಮೆಂತ್ಯ, ಅಳವಿ, ಶುಂಠಿ ಯಾರು ತಿಂದರೇನು? ನಾನು ಗೋಡೆಗೆ ಎಲ್ಲವನ್ನೂ ಬರೆದಿದ್ದೆ. ಇದನ್ನು ಬೇರೆಯವರು ತಿನ್ನಬಾರದು ಎಂಬ ಒಂದು ಸಾಲನ್ನು ಬರೆದಿರಲಿಲ್ಲ. ಅದು ಬರೆಯಬೇಕಾದ ಮಾತೆಂದು ನನಗೆ ಹೊಳೆದೇ ಇರಲಿಲ್ಲ.

"ಶೈಲೂ ಎಲ್ಲಿ?" ಎಂದೆ.

ಅಲ್ಲಿಗೆ ಗಂಗಾಬಾಯಿಗೆ ಎಲ್ಲವೂ ತಿಳಿಯಿತು. ಕೈಯಲ್ಲಿದ್ದ ಉಂಡಿಯನ್ನು ಪರಾತಕ್ಕೆ ಹಾಕಿ ಒಳಕ್ಕೆ ನಡೆದಳು. ಒಳಕೋಣೆಯಲ್ಲಿ ಶೈಲಶ್ರೀ ಎಡಮಗ್ಗುಲಾಗಿ ಮಲಗಿದ್ದಳು. ಕರೆದರೆ ಕಣ್ಣು ತೆರೆದಳು.

"ಏನಾಗ್ಯಾದ್ರಿ ಅಕ್ಕೋರ? ನಂಗೇನೂ ಆಗಿಲ್ಲ. ಕೂಸೂ ಒದಿಯಾಕತ್ತದ. ಬರೇ ನಿದ್ದಿ."

ಸಿಕ್ಕ ಆಟೋದಲ್ಲಿ ಅವಳನ್ನು ಕೂರಿಸಿಕೊಂಡು ಆಳಂದದ ದವಾಖಾನೆಗೆ ಹೊರಟೆ. ದಾರಿಯಲ್ಲಿ ಸೊಲ್ಲಾಪುರದ ಡಾಕ್ಟರಮ್ಮನಿಗೂ ಫೋನ್ ಮಾಡಿದೆ. ಗಂಗಾಬಾಯಿ ಮಗಳ ಕೈ ಹಿಡಿದು ಕುಳಿತಿದ್ದಳು. ದವಾಖಾನೆಯ ಬಾಗಿಲಲ್ಲಿ ಇಳಿದಾಗ ನರ್ಸು ನನ್ನ ರಟ್ಟೆ ಹಿಡಿದು ಗಾಲಿಕುರ್ಚಿಯ ಕಡೆ ಎಳೆದಳು. ಐದನೆಯ ಉಂಡಿ ನನ್ನ ಹೊಟ್ಟೆಯಲ್ಲಿ ಕೆಲಸ ಶುರು ಮಾಡಿತ್ತು, ನಿಂತಲ್ಲಿಯೇ ತೂಗುತ್ತಿದ್ದೆನಂತೆ.

ಅಲ್ಲಿಯ ಡಾಕ್ಟರು ಶೈಲಶ್ರೀಯನ್ನು ಪರೀಕ್ಷಿಸಿದರು, ಕೂಸಿನ ಎದೆಬಡಿತ ಕೇಳಿದರು, ಸಂಜೆಯವರೆಗೆ ಇಟ್ಟುಕೊಂಡರು. ಒಂದು ಉಂಡಿಯಲ್ಲಿ ಇದ್ದದ್ದು ಒಂದು ದಿನದ ಅಳತೆ, ಅದೂ ಸಣ್ಣ ಗುಳಿಗೆ. ಹೆದರುವ ಕಾರಣವಿಲ್ಲ ಎಂದರು. ಆದರೆ ಹೀಗೆ ಕುಟ್ಟಿ ಬೆರೆಸಿದರೆ ಒಂದು ಉಂಡಿಯಲ್ಲಿ ಏನೂ ಇರಲಿಕ್ಕಿಲ್ಲ, ಇನ್ನೊಂದರಲ್ಲಿ ನಾಲ್ಕು ದಿನದ್ದು ಕೂಡಿರಬಹುದು, ನಿಮ್ಮ ದೈವ ಚೆನ್ನಾಗಿತ್ತು ಎಂದು ನಮ್ಮಿಬ್ಬರನ್ನೂ ನಿಲ್ಲಿಸಿ ಬೈದರು. ಶಾಲೆಯ ಹೊರಗೆ ನಾನು ಅಷ್ಟು ಹೊತ್ತು ತಲೆ ತಗ್ಗಿಸಿ ನಿಂತದ್ದು ಅದೇ ಮೊದಲು.

ಊರಿಗೆ ಬಂದರೆ ಸೈದಪ್ಪ ಎದ್ದು ಕುಳಿತಿದ್ದ. "ಗಂಗವ್ವ, ಹತ್ತ ವರ್ಷದಾಗ ಇಂಥಾ ನಿದ್ದಿ ಬಂದಿಲ್ಲ. ಇನ್ನೊಂದ ಕೊಡು" ಎಂದು ಕೈ ಚಾಚಿದ. ಅವಳ ಗಂಡ ಚಂದ್ರಾಮಪ್ಪ ತೊಗರಿ ಹೊಲದ ಬದುವಿನಲ್ಲಿ ಮಲಗಿದವನು ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದ. ಉಳಿದ ಉಂಡಿಗಳನ್ನು ಗಂಗಾಬಾಯಿ ತಾನೇ ನಿಂತು ಹಿತ್ತಲಲ್ಲಿ ಆಳವಾಗಿ ಗುಂಡಿ ತೋಡಿಸಿ ಹೂಳಿಸಿದಳು.

ಸುದ್ದಿ ಅಫಜಲಪುರ ತಾಲ್ಲೂಕಿನ ಸೊನ್ನಕ್ಕೆ ಮುಟ್ಟಲು ಎರಡು ದಿನ ಹಿಡಿಯಿತು. ಶೈಲಶ್ರೀಯ ಅತ್ತೆ ಜಯಮಾಲಾ ಇರುವುದು ಅಲ್ಲಿ, ಭೀಮಾ ಬ್ಯಾರೇಜಿನ ಹತ್ತಿರ. ಮೂರನೆಯ ದಿನ ಜಯಮಾಲಾ ಬಂದು ನಡುಮನೆಯಲ್ಲಿ ಕುರ್ಚಿ ತರಿಸಿಕೊಂಡು ಕುಳಿತಳು. ಗಂಗಾಬಾಯಿ ಕರೆದಳೆಂದು ನಾನೂ ಹೋಗಿದ್ದೆ.

"ನಿಮ್ಮ ಕೈಗುಣದ ಸುದ್ದಿ ಕೇಳಿದ್ನಿ ಬೀಗತೇರ" ಎಂದಳು ಜಯಮಾಲಾ. "ಆದ್ರ ಕೂಸು ಬಿಟ್ಟು ದೊಡ್ಡವರನ್ನೂ ಮಲಗಸ್ತೀರಿ ಅಂತ ಗೊತ್ತಿರಲಿಲ್ಲ."

"ತಪ್ಪ ನಂದ್ರಿ. ಹೊಟ್ಟ್ಯಾಗ ಹಾಕ್ಕೋರಿ."

"ನಿಮ್ಮ ಮನ್ಯಾಗ ಹೊಟ್ಟ್ಯಾಗ ಏನರ ಹಾಕ್ಕೊಳ್ಳಾಕ ನಂಗ ಅಂಜಿಕಿ. ಸಿಟ್ಟ ಇಲ್ರಿ. ನಿಮಗ ಆರಾಮಿಲ್ಲ, ನೀವ ನಿಮ್ಮದ ನೋಡ್ಕೋರಿ. ಬಾಣಂತನ ನಮ್ಮ ಸೊನ್ನದಾಗ ಆಗಲಿ."

ಮೊದಲ ಹೆರಿಗೆ ತವರಿನದು. ಅದನ್ನು ಕಿತ್ತುಕೊಳ್ಳುವುದೆಂದರೆ ತಾಯಿಯ ಮುಖದ ಮೇಲೆ ಬಾಗಿಲು ಹಾಕಿದಂತೆ. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಗೋಡೆಯ ಆಚೆಯಿಂದ ಅಜೀಜಾಬಿಯ ದನಿ ಬಂತು. "ನಾನೂ ತಿಂದೇನ್ರಿ ಆ ಉಂಡಿ. ಸತ್ತೇನೇನು?"

"ನೀ ಸುಮ್ನಿರು ಬೇ" ಎಂದಳು ಗಂಗಾಬಾಯಿ. ಆಮೇಲೆ ಬೀಗತಿಯ ಕಡೆ ತಿರುಗಿದಳು. "ಎಳ್ಳಮಾಸಿ ತನಕ ಬಿಡ್ರಿ. ಅಲ್ಲೀತನಕ ನಾ ಎದ್ದು, ಹಂಡೆ ನೀರ ತೋಡಿ, ಒಂದ ಕೂಸಿಗೆ ಎರಿಯೂವಷ್ಟ ಹೊತ್ತ ಕಲ್ಲಿನ ಮ್ಯಾಲ ಕುಂದರೂ ಹಂಗ ಆದ್ರ ಇಲ್ಲೇ ಆಗಲಿ. ಆಗಲಿಲ್ಲ ಅಂದ್ರ ನಾನ ಬುತ್ತಿ ಕಟ್ಟಿ ಕಳಸ್ತೇನಿ."

"ಆಗಲಿ. ಎಳ್ಳಮಾಸಿ ಮುಗಿದ ಮ್ಯಾಲ ಬಂದ ನೋಡ್ತೇನಿ" ಎಂದು ಜಯಮಾಲಾ ಒಪ್ಪಿದಳು. ಚಹಾ ಮಾತ್ರ ಕುಡಿಯಲಿಲ್ಲ.

ಗುಳಿಗೆಗಳನ್ನು ಹೊಸದಾಗಿ ತಂದೆವು. ಈ ಸಲ ಗಂಗಾಬಾಯಿ ನನ್ನ ಹಾಳೆಯನ್ನು ಗೋಡೆಯಿಂದ ಕಿತ್ತು, ತನ್ನ ಮಸಾಲೆ ಡಬ್ಬಿಯನ್ನು ತೊಳೆದು ಒಣಗಿಸಿ ತಂದಳು. ಅದರಲ್ಲಿ ಏಳು ಬಟ್ಟಲುಗಳಿದ್ದವು. ಸೋಮವಾರದ ಗುಳಿಗೆ ಸಾಸಿವೆಯ ಬಟ್ಟಲಲ್ಲಿ, ಮಂಗಳವಾರದ್ದು ಜೀರಿಗೆಯದರಲ್ಲಿ, ಹೀಗೆ ವಾರದ ಏಳೂ ದಿನ. ರಾತ್ರಿಯ ಗುಳಿಗೆಗೆ ಬೇರೆ ಡಬ್ಬಿ. ಜಾತ್ರೆಯಲ್ಲಿ ಮಕ್ಕಳನ್ನು ಕಾಯುವ ಹಾಗೆ ಶೈಲಶ್ರೀ ಆ ಡಬ್ಬಿಯ ಮೇಲೆ ಕಣ್ಣಿಟ್ಟಳು.

ಮನೆಮದ್ದುಗಳನ್ನು ಒಂದೊಂದಾಗಿ ಮಾಡಿದರು. ಮೊದಲ ಹದಿನೈದು ದಿನ ಮಲಗುವ ಮುಂದೆ ಬಿಸಿನೀರಿನ ಜಳಕ ಮಾತ್ರ. ಅದು ಮೈಗೆ ಹಿಡಿಸಿತು. ಆಮೇಲೆ ಎಣ್ಣೆ. ಅಜೀಜಾಬಿ ಅಂಗೈ ಒತ್ತದೆ, ಪರಾತಕ್ಕೆ ತುಪ್ಪ ಸವರಿದಂತೆ ಸವರುತ್ತಿದ್ದಳು. ಜೋರಾದರೆ ಗಂಗಾಬಾಯಿ "ಹೂಂ" ಎನ್ನುವಳು, ಅಜೀಜಾಬಿ "ಮಾಫ್ ಕರೋ ಮಹಾರಾಣಿ" ಎಂದು ಕೈ ತೆಗೆಯುವಳು. ಎಕ್ಕೆಯ ಎಲೆಯಿಂದ ಚರ್ಮ ಉರಿಯಿತು, ಅದನ್ನು ಬಿಟ್ಟರು. ಗುಳಿಗೆ ಇಲ್ಲದ ಉಂಡಿಯನ್ನೂ ಕಟ್ಟಿದರು. ಅದರಿಂದ ಬೇನೆಗೆ ಏನಾಯಿತೋ ಗೊತ್ತಿಲ್ಲ, ನಾಲಿಗೆಗಂತೂ ಒಳ್ಳೆಯದಾಯಿತು. ಮುಂಜಾನೆ ಬಿಸಿಲೇರಿದ ಮೇಲೆ ತಾಯಿ ಮಗಳು ಇಬ್ಬರೂ ಊರ ಹೊರಗಿನ ಬಾವಿಯವರೆಗೆ ಮೆಲ್ಲಗೆ ನಡೆದು ಬರುತ್ತಿದ್ದರು. ಒಬ್ಬಳಿಗೆ ಹೊಟ್ಟೆಯ ಭಾರ, ಒಬ್ಬಳಿಗೆ ಕಾಲಿನ ಭಾರ. ನಡಿಗೆ ಇಬ್ಬರದೂ ಸಮ.

ಒಂದೂವರೆ ತಿಂಗಳಲ್ಲಿ ನಿದ್ದೆ ಬಂತು. ನಿದ್ದೆ ಬಂದ ಮೇಲೆ ಮುಖಕ್ಕೆ ಕಳೆ ಬಂತು. "ಹದಿನಾರಾಣೆ ಇದ್ದದ್ದು ಹತ್ತಾಣೆ ಆಗ್ಯಾದ್ರಿ" ಎಂದು ಫೋನಿನಲ್ಲಿ ಹೇಳಿದಳು. ಯಾವುದರಿಂದ ಆಯಿತು ಎಂದು ಕೇಳಿದೆ. "ಎಲ್ಲಾ ಸೇರಿ ಆಗ್ಯಾದ. ಯಾವದಕ್ಕ ಹೆಸರ ಕೊಡ್ಲಿ?" ಎಂದಳು. ಡಾಕ್ಟರಮ್ಮನನ್ನು ಕೇಳಿದರೆ ಅವರೂ ಹೆಚ್ಚು ಕಡಿಮೆ ಇದನ್ನೇ ಹೇಳಿದರು.

ಎಳ್ಳಮಾವಾಸ್ಯೆ ಬಂತು. ಆ ದಿನ ನಮ್ಮ ಕಡೆ ಮನೆ ಮಂದಿಯೆಲ್ಲ ಹೊಲಕ್ಕೆ ಹೋಗಿ, ಬೆಳೆಗೆ ಎಡೆಯ ಚರಗ ಚೆಲ್ಲಿ, ಅಲ್ಲಿಯೇ ಕುಳಿತು ಉಣ್ಣಬೇಕು. ಏಳು ವರ್ಷ ಆ ಅಡುಗೆಯನ್ನು ಗಂಗಾಬಾಯಿ ಬೇರೆಯವರ ಕೈಯಿಂದ ಮಾಡಿಸಿದ್ದಳು. ಈ ಸಲ ಮೈ ಹಗುರಾಗಿತ್ತು. ಯಾರ ಮಾತನ್ನೂ ಕೇಳಲಿಲ್ಲ. ಬೆಳಗಿನ ಜಾವದಿಂದ ಸಜ್ಜೆ ರೊಟ್ಟಿ ಬಡಿದಳು, ಕಡುಬು ಮಾಡಿದಳು, ಹಸಿ ತೊಗರಿ, ಹಸಿ ಕಡಲೆ ಬಿಡಿಸಿ ಭಜ್ಜಿ ಪಲ್ಯ ಕುದಿಸಿದಳು. ಹೊಲದಲ್ಲಿ ನಾವು ಇಪ್ಪತ್ತು ಮಂದಿ ಉಂಡೆವು. ಗಾಳಿಗೆ ಸೆರಗು ಹಾರುತ್ತಿರಲು ನಿಂತು ಬಡಿಸಿದ ಆ ಹೆಂಗಸು ನನ್ನ ಹಳೆಯ ಗಂಗಾಬಾಯಿಯೇ ಆಗಿದ್ದಳು. ಸಾಕು ಕುಳಿತುಕೋ ಎಂದು ನಾನು ಹೇಳಬೇಕಾಗಿತ್ತು. ನೋಡುವ ಸುಖಕ್ಕೆ ಹೇಳದೆ ಉಳಿದೆ.

ಮರುದಿನ ಅವಳಿಗೆ ಏಳಲಾಗಲಿಲ್ಲ. ಅದರ ಮರುದಿನವೂ ಆಗಲಿಲ್ಲ. ಮೂರನೆಯ ದಿನ ಜಯಮಾಲಾ ಬಂದಳು.

ನಾನು ಹೋದಾಗ ಗಂಗಾಬಾಯಿ ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುತ್ತಿದ್ದಳು, ಮಾತು ಕೊಟ್ಟಂತೆ ಹಂಡೆಯ ನೀರು ತೋಡಿ ತೋರಿಸಲಿಕ್ಕೆ. ಜಯಮಾಲಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಗಂಗಾಬಾಯಿ ತಂಬಿಗೆಯನ್ನು ಅದ್ದಿದಳು. ಎತ್ತುವಾಗ ಮುಂಗೈ ಸೋತು ನೀರೆಲ್ಲ ಹಂಡೆಗೇ ಬಿತ್ತು. ಎರಡನೆಯ ಸಲವೂ ಹಾಗೆಯೇ ಆಯಿತು. ಅವಳು ತಂಬಿಗೆಯನ್ನು ಕೆಳಗಿಟ್ಟು, ಬಚ್ಚಲ ಕಲ್ಲಿನ ಮೇಲೆ ಕುಳಿತಳು.

"ಆಗಂಗಿಲ್ರಿ ಬೀಗತೇರ. ನಾಕ ದಿನದ ಹಿಂದ ಆಗ್ತಿತ್ತು. ಇನ್ನ ನಾಕ ದಿನಕ್ಕ ಮತ್ತ ಆಗ್ತದ. ಈ ಬ್ಯಾನಿ ಹಂಗ ಅದ, ಹೇಳಿ ಬರಂಗಿಲ್ಲ. ನಾ ಸುಳ್ಳ ಹೇಳಂಗಿಲ್ಲ. ಬುತ್ತಿ ಕಟ್ತೇನಿ, ಕರಕೊಂಡ ಹೋಗ್ರಿ."

ಶೈಲಶ್ರೀ ಅಳಲಾರಂಭಿಸಿದಳು. ಜಯಮಾಲಾ ಒಳಗೆ ಬಂದಳು. ಗಂಗಾಬಾಯಿ ಕುಳಿತ ಕಲ್ಲನ್ನೂ, ಆ ಹಂಡೆಯನ್ನೂ ನೋಡಿದಳು.

"ಸೊನ್ನದಾಗ ಕೂಸಿಗೆ ಯಾರ ಎರಿತಾರ್ರಿ?" ಎಂದು ಗಂಗಾಬಾಯಿ ಕೇಳಿದಳು. ಅದರಲ್ಲಿ ಕುಹಕವಿರಲಿಲ್ಲ. ಒಪ್ಪಿಸುವವಳು ವಿಚಾರಿಸಿಕೊಂಡ ಮಾತು.

"ನಮ್ಮೂರಾಗ ಆ ಕೆಲಸ ಬಲ್ಲಾಕಿ ಒಬ್ಬಾಕಿ ಇದ್ಲು, ಹ್ವಾದ ವರ್ಷ ತೀರಿದ್ಲು" ಎಂದಳು ಜಯಮಾಲಾ. "ನಾ ಮಾಡಬೇಕಂತಿದ್ನಿ. ಆದ್ರ ಈ ಮೊಣಕಾಲ ಮಡಚಂಗಿಲ್ಲ. ನೆಲಕ್ಕ ಕುಂತ್ರ ಇಬ್ಬರ ಹಿಡದ ಎಬ್ಬಸಬೇಕು. ಅದಕ್ಕ ಎಲ್ಲಾರ ಮನ್ಯಾಗೂ ಕುರ್ಚಿ ಕೇಳ್ತೇನಿ."

ನಮಗೆ ಯಾರಿಗೂ ಅದು ಗೊತ್ತಿರಲಿಲ್ಲ. ಆ ಕುರ್ಚಿಯನ್ನು ನಾವು ಬಿಂಕವೆಂದು ತಿಳಿದಿದ್ದೆವು.

"ನಿಂತು ನೀರ ತೋಡಾಕ ಬರ್ತದೇನ್ರಿ?" ಎಂದಳು ಗಂಗಾಬಾಯಿ.

"ನಿಂತು ಎಷ್ಟ ಬೇಕಾದಷ್ಟ ತೋಡ್ತೇನಿ."

"ನಂಗ ಕುಂತು ಕೂಸ ಹಿಡಿಯಾಕ ಬರ್ತದ. ಎತ್ತಾಕ ಬರಂಗಿಲ್ಲ."

ಜಯಮಾಲಾ ಸೊಸೆಯನ್ನು ತವರಿನಲ್ಲಿಯೇ ಬಿಟ್ಟು, ಆ ದಿನ ಊಟ ಮಾಡಿಯೇ ಹೋದಳು. ಅಲ್ಲಿಂದ ಹದಿನೆಂಟನೆಯ ದಿನ ಬಟ್ಟೆಯ ಗಂಟು ತೆಗೆದುಕೊಂಡು ಬಾಣಂತನಕ್ಕೆಂದು ಬಂದಳು. ಅತ್ತೆ ತನ್ನ ಸೊಸೆಯ ತವರಿಗೆ ಬಂದು ಬಾಣಂತನ ಮಾಡಿದ್ದನ್ನು ಸರಸಂಬಾ ಅದಕ್ಕೆ ಮೊದಲು ಕಂಡಿರಲಿಲ್ಲ. ಊರು ಒಂದೆರಡು ದಿನ ಮಾತನಾಡಿತು, ಆಮೇಲೆ ತೊಗರಿ ರಾಶಿಯ ಕೆಲಸದಲ್ಲಿ ಮರೆಯಿತು.

ಆಳಂದದ ದವಾಖಾನೆಯಲ್ಲಿ ಹೆಣ್ಣುಕೂಸು ಹುಟ್ಟಿತು. ಹೊಕ್ಕಳಬಳ್ಳಿ ಬೀಳುವವರೆಗೆ ನೀರು ಹಾಕಬೇಡಿ, ತಲೆಯನ್ನು ಒತ್ತಬೇಡಿ ಎಂದು ನರ್ಸು ಹೇಳಿ ಕಳಿಸಿದ್ದಳು. ಇಬ್ಬರು ಅಜ್ಜಿಯರೂ ಬಾಯಿ ಮುಚ್ಚಿಕೊಂಡು ಕಾದರು. ಹೊಕ್ಕಳಬಳ್ಳಿ ಬಿದ್ದ ಮರುದಿನ ಮುಂಜಾನೆ ನನ್ನನ್ನೂ ಕರೆಸಿದರು.

ಬಚ್ಚಲ ಗೋಡೆಗೆ ದಿಂಬು ಇಟ್ಟು, ಅದಕ್ಕೆ ಒರಗಿ ಗಂಗಾಬಾಯಿ ಕಾಲು ಚಾಚಿ ಕುಳಿತಳು. ತೊಡೆಯ ಕೆಳಗೆ ಮಡಚಿದ ಕೌದಿ ಹಾಕಿದ್ದರು. ಅಜೀಜಾಬಿ ಕೂಸನ್ನು ತಂದು ಕಾಲ ಮೇಲೆ ಮಲಗಿಸಿದಳು. ಜಯಮಾಲಾ ಹಂಡೆಯ ಪಕ್ಕ ನಿಂತು ಮೊಣಕೈ ಅದ್ದಿ ನೀರಿನ ಬಿಸಿ ನೋಡಿದಳು.

"ಸಣ್ಣ ಧಾರಿ ಬಿಡ್ರಿ. ಜೋರ ಬ್ಯಾಡ" ಎಂದಳು ಗಂಗಾಬಾಯಿ.

"ನಂಗೂ ಮೂರ ಮಕ್ಕಳ್ರಿ ಬೀಗತೇರ."

"ಮೂರಕ್ಕೂ ಎರದಾಕಿ ಬ್ಯಾರೆ. ಧಾರಿ ಸಣ್ಣದು ಮಾಡ್ರಿ."

ಧಾರೆ ಸಣ್ಣದಾಯಿತು. ಎಣ್ಣೆಯ ಕೈ ಕೂಸಿನ ಬೆನ್ನ ಮೇಲೆ, ತೋಳಿನ ಮೇಲೆ, ಅಕ್ಕಿಕಾಳಿನಂಥ ಬೆರಳುಗಳ ನಡುವೆ ಹರಿದಾಡಿತು. ಕೂಸು ಒಮ್ಮೆ ಚೀರಿ, ಆಮೇಲೆ ಬಾಯಿ ಚಪ್ಪರಿಸುತ್ತಾ ಕಣ್ಣು ಮುಚ್ಚಿತು. ಗಂಗಾಬಾಯಿಯ ಹಣೆಯ ಮೇಲೆ ಬೆವರು ಮೂಡುವುದನ್ನು ನಾನು ನೋಡಿದೆ. ಅವಳ ಗಂಟಲಿನಲ್ಲಿ ಹಿಂದಿನ ದಿನಗಳಲ್ಲಿ ಎರೆಯುವಾಗ ಗುನುಗುತ್ತಿದ್ದ ಹಾಡಿನ ಸದ್ದು ಹೊರಟು, ಅರ್ಧಕ್ಕೆ ಉಸಿರು ಸಾಲದೆ ನಿಂತಿತು.

ಬೆನ್ನು ಮುಗಿದಿತ್ತು, ಕಾಲುಗಳು ಬಾಕಿ ಇದ್ದವು. ಅವಳು ಕೈ ನಿಲ್ಲಿಸಿದಳು.

"ಇವತ್ತಿಗೆ ಇಷ್ಟ ಸಾಕು" ಎಂದಳು. "ಕಾಲಿಗೆ ನೀವ ಹಚ್ಚ್ರಿ ಬೀಗತೇರ, ಕುರ್ಚಿ ಮ್ಯಾಲ ಕುಂತ. ನಾ ಹೇಳ್ತೇನಿ."

ಜಯಮಾಲಾ ತಂಬಿಗೆ ಇಟ್ಟು, ಕೈ ಒರೆಸಿಕೊಂಡು, ಒದ್ದೆ ಕೂಸನ್ನು ಎರಡೂ ಕೈಗಳಿಂದ ಎತ್ತಿಕೊಂಡಳು.